ಮೂವತ್ತೇಳನೆಯ ಪುಟ

ಟಿ. ನರಸೀಪುರ
9 ಫೆಬ್ರವರಿ 2025

ಪ್ರೀತಿಯ ನಯನ,

ನೀನು ನನ್ನ ನಂಬರ್ ಬ್ಲಾಕ್ ಮಾಡಿ ಹನ್ನೊಂದು ದಿನವಾಯಿತು. ಮೇಲ್ ಮಾಡೋಣವೆಂದರೆ ನಮ್ಮ ಮೇಲ್‌ಗಳನ್ನೆಲ್ಲ ಈಗ ಯಾರು ಓದುತ್ತಾರೋ ಗೊತ್ತಿಲ್ಲ. ವಾಟ್ಸಾಪ್ ಗುಂಪಿನಲ್ಲಿ ನೀನು ಬರೆದದ್ದನ್ನು ಯಾರೋ ಫೋಟೋ ಹೊಡೆದು ಮೇಲಿನವರಿಗೆ ಕಳಿಸಿ, ನಿನಗೆ ನೋಟಿಸ್ ಬಂದ ಮೇಲೆ ನನಗೂ ಫೋನ್ ಮುಟ್ಟಲು ಅಂಜಿಕೆ. ಹಾಗಾಗಿ ಕಾಗದ. ನನ್ನ ಹೆಂಡತಿ ಲಿಖಿತಾ ತಾನು ಪಾಠ ಮಾಡುವ ಸ್ಕೂಲಿನಿಂದ ಬರುವಾಗ ಕವರು, ಸ್ಟಾಂಪು ತಂದುಕೊಟ್ಟಳು.

ನಿಮ್ಮ ಮನೆಗೂ ನಮ್ಮ ಮನೆಗೂ ಮೂವತ್ತು ಚಿಲ್ಲರೆ ಕಿಲೋಮೀಟರ್. ಬೈಕ್ ಹತ್ತಿ ಬಂದುಬಿಡಬಹುದಿತ್ತು. ಬಂದರೆ ನಿಮ್ಮ ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದು ಮಾತಾಡಿಸುತ್ತಾರೆ, ನೀನು ಒಳಗಿನಿಂದ ಬರುವುದಿಲ್ಲ. ಅದನ್ನು ತಡೆದುಕೊಳ್ಳುವ ಶಕ್ತಿ ನನಗಿಲ್ಲ.

ಹೊಸ ಸೀನಿಯಾರಿಟಿ ಪಟ್ಟಿ ನೋಡಿ ನಿನಗೆ ಆಘಾತವಾಗಿರುವುದು ಸಹಜ. ಆದರೆ ಎರಡು ಕಂಪನಿ ಒಂದಾಗುವಾಗ ಹೊಂದಾಣಿಕೆ ಬೇಕಾಗುತ್ತದೆ. ನಮ್ಮ ನೀಲಾಂಬರಿ ಹದಿನಾಲ್ಕು ವಿಮಾನಗಳ ಕಂಪನಿ. ಅವರದು ಇನ್ನೂರರ ಹತ್ತಿರ. ನಮ್ಮ ಫ್ಯಾನಿನ ವಿಮಾನಗಳು ಅವರಿಗೆ ಬೇಡ, ಅವರ ಬಳಿ ಇರುವುದೆಲ್ಲ ಜೆಟ್. ನಮ್ಮ ಐವತ್ತೆಂಟು ಜನ ಪೈಲಟ್‌ಗಳಿಗೆ ಒಮ್ಮೆಲೇ ಜೆಟ್ ತರಬೇತಿ ಕೊಡುವುದು ಯಾರಿಂದಲೂ ಆಗದ ಕೆಲಸ. ಮೊದಲ ತಂಡದಲ್ಲಿ ಆರು ಜನ ಕ್ಯಾಪ್ಟನ್‌ಗಳನ್ನು ಅಕ್ಟೋಬರ್‌ನಲ್ಲಿ ಹೈದರಾಬಾದಿಗೆ ಕರೆಯುತ್ತಾರೆ. ಅದರಲ್ಲಿ ನನ್ನ ಹೆಸರಿದೆ. ಉಳಿದವರಿಗೂ ದೀರ್ಘಾವಧಿಯಲ್ಲಿ ಅವಕಾಶ ಬರುತ್ತದೆ. ಸ್ವಲ್ಪ ಸಂಯಮ ಬೇಕು.

ಹೊಸ ಪಟ್ಟಿಯ ಒಪ್ಪಿಗೆ ಫಾರಂಗೆ ಮಾರ್ಚ್ ಕೊನೆಯೊಳಗೆ ಸಹಿ ಹಾಕಿಬಿಡು. ಇದು ನಿನ್ನ ಒಳ್ಳೆಯದಕ್ಕೇ ಹೇಳುತ್ತಿರುವುದು.

ನಿನ್ನ,
ಮಧುಕುಮಾರ್


ನಂಜನಗೂಡು
16 ಫೆಬ್ರವರಿ 2025

ಕ್ಯಾಪ್ಟನ್ ಮಧುಕುಮಾರ್ ಅವರಿಗೆ,

ನಿಮ್ಮ ಕಾಗದ ಮೈಸೂರು ಸುತ್ತಿಕೊಂಡು ನಾಲ್ಕು ದಿನಕ್ಕೆ ಬಂತು. ಹೊಂದಾಣಿಕೆ, ಸಂಯಮ, ದೀರ್ಘಾವಧಿ. ಈ ಮೂರೂ ಪದ ಕಂಪನಿಯವರು ಕಳಿಸಿದ ಮೇಲ್‌ನಲ್ಲಿ ಇಂಗ್ಲಿಷಿನಲ್ಲಿದ್ದವು. ನೀವು ಕನ್ನಡಕ್ಕೆ ತಂದಿದ್ದೀರಿ, ಸಂತೋಷ.

ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಪೈಲಟ್‌ಗಳಿಗೆ ಸೀನಿಯಾರಿಟಿ ಪಟ್ಟಿಯೇ ಜಾತಕ. ಯಾರಿಗೆ ಮೊದಲು ಕ್ಯಾಪ್ಟನ್ ಸೀಟು, ಯಾರಿಗೆ ಯಾವ ಊರು, ಕೆಲಸ ಕಡಿಮೆಯಾದರೆ ಮೊದಲು ಯಾರು ಮನೆಗೆ, ಎಲ್ಲ ಅದರಲ್ಲೇ. ನಾನು ನೀಲಾಂಬರಿಗೆ ಸೇರಿ ಒಂಬತ್ತು ವರ್ಷ. ನಾಲ್ಕು ಸಾವಿರ ಗಂಟೆ ಹಾರಿದ್ದೇನೆ. ಕ್ಯಾಪ್ಟನ್ ಆಗಲು ಮೂರೇ ಮೂರು ಪರೀಕ್ಷಾ ಹಾರಾಟ ಬಾಕಿ ಇತ್ತು. ನಮ್ಮ ಪಟ್ಟಿಯಲ್ಲಿ ಹದಿನಾಲ್ಕನೆಯವಳು. ಹೊಸ ಪಟ್ಟಿಯಲ್ಲಿ ಸಾವಿರದ ಮುನ್ನೂರ ತೊಂಬತ್ತೆಂಟನೆಯವಳು. ಯಾಕೆಂದರೆ ನಾವೆಲ್ಲರೂ ಕೆಲಸಕ್ಕೆ ಸೇರಿದ್ದೇ ಕಂಪನಿಗಳು ಒಂದಾದ ದಿನ, ಅಂದರೆ ಹೋದ ನವೆಂಬರ್ ಒಂದನೇ ತಾರೀಕು ಎಂದು ಬರೆದುಬಿಟ್ಟಿದ್ದಾರೆ. ಅದಕ್ಕೆ ಹಿಂದಿನ ಒಂಬತ್ತು ವರ್ಷ ನಾನು ಏನು ಮಾಡುತ್ತಿದ್ದೆನೋ ನಂಜುಂಡೇಶ್ವರನಿಗೇ ಗೊತ್ತು. ಪಟ್ಟಿಯಲ್ಲಿ ನನಗಿಂತ ಮೇಲಿರುವವರಲ್ಲಿ ಒಬ್ಬ ಅವರ ಕಂಪನಿಗೆ ಹೋದ ಜೂನ್‌ನಲ್ಲಿ ಸೇರಿದ್ದಾನೆ. ಇನ್ನೂರೈವತ್ತು ಗಂಟೆ ಹಾರಿದ್ದಾನಂತೆ.

ಇದನ್ನೆಲ್ಲ ಕಂಪನಿಯವರು ಮಾಡಿದ್ದರೆ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಪಟ್ಟಿ ತೀರ್ಮಾನಿಸಿದ ಸಮಿತಿಯಲ್ಲಿ ನಮ್ಮ ಕಡೆಯಿಂದ ಒಬ್ಬರಿದ್ದರು. ಐವತ್ತೆಂಟು ಜನ ಕೈ ಎತ್ತಿ ಆರಿಸಿ ಕಳಿಸಿದವರು. ಮೊದಲು ಕೈ ಎತ್ತಿದವಳು ನಾನು.

ನೆನಪಿದೆಯಾ ನಿಮಗೆ? ಮೊದಲ ಸಲ ನನಗೆ ಮೈಸೂರು ಡ್ಯೂಟಿ ಬಿದ್ದಾಗ, ಮಂಡಕಳ್ಳಿಗೆ ಇಳಿಯುವ ಮುಂಚೆ ನೀವು ಕೈ ಹಿಂದಕ್ಕೆ ತೆಗೆದು, "ನಮ್ಮೂರ್ ರನ್‌ವೇ ಕಣಮ್ಮ, ನೀನೇ ಇಳ್ಸು" ಎಂದಿರಿ. ಅಪ್ಪ ಅಂಗಡಿಗೆ ಬೀಗ ಹಾಕಿ, ಏಳೆಂಟು ಗಿರಾಕಿಗಳನ್ನೂ ಕಟ್ಟಿಕೊಂಡು ಬಂದು ಬೇಲಿಯ ಹತ್ತಿರ ನಿಂತಿದ್ದರು. ಆಮೇಲೆ ನಿಮ್ಮ ಕೈ ಹಿಡಿದುಕೊಂಡು, "ಸಾ, ನಮ್ ಮಗೂನ ನಿಮ್ ಕೈಗಾಕಿವ್ನಿ" ಎಂದಾಗ ನೀವು, "ಅವ್ಳ ಕೈಲೇ ನಾವಿದೀವಿ ಬುಡಿ ಯಜಮಾನ್ರೆ" ಎಂದಿದ್ದಿರಿ.

ಆ ಅಪ್ಪನೇ ನಿನ್ನೆ ಗೊಬ್ಬರದ ಮೂಟೆ ಎಣಿಸುತ್ತ ನಿಂತಿದ್ದರು. ತಗಡೂರಿನ ಬೋರಯ್ಯ ಬಂದು ಕೇಳಿದ:

"ಏನ್ ಪುಟ್ಟಬಸವಯ್ನೋರೆ, ಮಗ್ಳು ಇನ್ನೂ ಇಲ್ಲೇ ಅವ್ಳಲ್ಲ?"

"ರಜಾ ಕನಪ್ಪ."

"ಇದ್ಯಾವ್ ರಜಾ, ಹಬ್ಬುಕ್ ಬಂದೋಳು ಶಿವರಾತ್ರಿ ಬಂದ್ರೂ ಓಗ್ನಿಲ್ವಲ್ಲ?"

ಅಪ್ಪ ಮೂಟೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದರು.

ಒಂದೇ ಪ್ರಶ್ನೆ. ನೀವು ಯಾಕೆ ಸಹಿ ಮಾಡಿದಿರಿ?

ನಯನ ಪುಟ್ಟಬಸವಯ್ಯ
ಕ್ರಮಾಂಕ 1398


ಟಿ. ನರಸೀಪುರ
2 ಮಾರ್ಚ್ 2025

ನಯನ,

ನಾನು ಸಹಿ ಮಾಡದಿದ್ದರೆ ವಿಲೀನವೇ ನಿಂತುಹೋಗುತ್ತಿತ್ತು. ನೀಲಾಂಬರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಐವತ್ತೆಂಟೂ ಜನ ಬೀದಿಗೆ ಬರುತ್ತಿದ್ದರು. ಕೆಲವರಾದರೂ ಉಳಿಯಲಿ ಎಂದು ನಿರ್ಧಾರ ತೆಗೆದುಕೊಂಡೆ. ಇದಕ್ಕಿಂತ ಹೆಚ್ಚು ಹೇಳುವ ಸ್ಥಿತಿಯಲ್ಲಿ ನಾನಿಲ್ಲ.

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸು.

ಮಧುಕುಮಾರ್


ನಂಜನಗೂಡು
20 ಮಾರ್ಚ್ 2025

ಕ್ಯಾಪ್ಟನ್ ಅವರಿಗೆ,

ನಮಸ್ಕಾರ ತಿಳಿಸಲಿಲ್ಲ.

ವಿಲೀನ ನಿಂತುಹೋಗುತ್ತಿತ್ತು ಎಂದಿದ್ದೀರಿ. ಸುಳ್ಳು. ವಿಲೀನಕ್ಕೆ ಸರ್ಕಾರದ ಒಪ್ಪಿಗೆಗಳೆಲ್ಲ ನೀವು ಸಹಿ ಮಾಡಿದ ಸಭೆಗೆ ಎರಡು ತಿಂಗಳು ಮುಂಚೆಯೇ ಬಂದಾಗಿತ್ತು. ನಮ್ಮ ವಕೀಲರು ತಾರೀಕು ಸಮೇತ ತೆಗೆದಿಟ್ಟಿದ್ದಾರೆ. ಹೌದು, ವಕೀಲರು. ಫಾರಂಗೆ ಸಹಿ ಹಾಕದ ನಾವು ಐವತ್ತೆರಡು ಜನ ಸೇರಿ ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿದ್ದೇವೆ. ಬೆಂಗಳೂರಿನಲ್ಲಿ ಸಂಧಾನ ಸಭೆ ಕರೆಯುತ್ತಾರಂತೆ. ಕಂಪನಿ ಈಗಾಗಲೇ ಉತ್ತರ ಕೊಟ್ಟಿದೆ, ಒಂದೇ ಸಾಲು: ನಿಮ್ಮ ಪ್ರತಿನಿಧಿಯೇ ಓದಿ, ಒಪ್ಪಿ, ಸಹಿ ಮಾಡಿದ್ದಾರೆ. ನಾವು ಏನೇ ವಾದ ಮಾಡಲಿ, ಆ ಒಂದು ಸಹಿಯನ್ನು ಎತ್ತಿ ಮುಖಕ್ಕೆ ಹಿಡಿಯುತ್ತಾರೆ.

ಹೋದ ವಾರ ಬೆಂಗಳೂರಿಗೆ ಹೋಗಿದ್ದೆ. ನಮ್ಮ ವಿಮಾನಗಳನ್ನು ಒಂದೊಂದಾಗಿ ಬಾಡಿಗೆ ಕೊಟ್ಟವರಿಗೆ ವಾಪಸ್ ಕಳಿಸುತ್ತಿದ್ದಾರೆ. ಬಾಲದ ಮೇಲಿನ ನೀಲಿ ಬಣ್ಣ ಕೆರೆದು ಬಿಳಿ ಬಳಿದಿದ್ದಾರೆ. ಶಾಲಿನಿ ನನ್ನ ಜೊತೆ ಇದ್ದಳು. ನಮ್ಮ ತಂಡದಲ್ಲಿ ಎಲ್ಲಕ್ಕಿಂತ ಗಟ್ಟಿಗಿತ್ತಿ ಅವಳು, ನಿಮಗೇ ಗೊತ್ತು. ಪಾರ್ಕಿಂಗ್‌ನಲ್ಲಿ ಕೂತು ಅತ್ತಳು. ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಆದರೆ ಆರು ತಿಂಗಳು ನೋಟಿಸ್ ಮುಗಿಸದೆ ಕಂಪನಿ ಬಿಡುಗಡೆ ಪತ್ರ ಕೊಡುವುದಿಲ್ಲ, ಆರು ತಿಂಗಳು ಕಾಯಲು ಕೆಲಸ ಕೊಡುವವರು ತಯಾರಿಲ್ಲ. ಇಲ್ಲಿ ಹಾರಿಸುವುದೂ ಇಲ್ಲ, ಬೇರೆ ಕಡೆ ಹಾರಲು ಬಿಡುವುದೂ ಇಲ್ಲ. ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಹುಲ್ಲು ಹಾಕದಿದ್ದ ಹಾಗೆ.

ಗುಂಪಿನಲ್ಲಿ ಎಲ್ಲರೂ ಒಂದೇ ಮಾತು ಹೇಳುತ್ತಿದ್ದಾರೆ. ಆರು ಸೀಟಿಗೆ ಐವತ್ತೆರಡು ಜನರನ್ನು ಮಾರಿಬಿಟ್ಟರು ಅಂತ. ಮೊದಮೊದಲು ನಾನು ಜಗಳವಾಡುತ್ತಿದ್ದೆ, ಮಧು ಸರ್ ಅಂಥವರಲ್ಲ ಅಂತ. ಈಗ ಆಡುತ್ತಿಲ್ಲ. ಮಾರಿಕೊಂಡಿದ್ದೀರಿ. ಮಾರಿಕೊಂಡು ನನಗೆ ಸಂಯಮದ ಪಾಠ ಹೇಳುತ್ತಿದ್ದೀರಿ.

ಇನ್ನು ಬರೆಯಬೇಡಿ.

ನಯನ


ಟಿ. ನರಸೀಪುರ
18 ಮೇ 2025

ನಯನ,

ಬರೆಯಬೇಡ ಎಂದಿದ್ದೆ. ಎರಡು ತಿಂಗಳು ಬರೆಯಲಿಲ್ಲ. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವ ಮುಂಚೆ ಹೋಗಿ ಡಬ್ಬಿಗೆ ಹಾಕುತ್ತೇನೆ.

ಡೆಲ್ಲಿಯ ಹೋಟೆಲಿನಲ್ಲಿ ಮೂರು ದಿನ ಸಭೆ ನಡೆಯಿತು. ಅವರ ಕಡೆ ಒಂಬತ್ತು ಜನ, ಅದರಲ್ಲಿ ಐವರು ವಕೀಲರು. ನಮ್ಮ ಕಡೆ ನಾನೊಬ್ಬ. ಮೂರನೇ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಅಂತಿಮ ಕರಾರು ತಂದು ಮುಂದಿಟ್ಟರು. ನಲವತ್ತೊಂದು ಪುಟ. ನಾನು ಓದಲು ಶುರುಮಾಡಿದೆ. ಹನ್ನೆರಡನೇ ಪುಟಕ್ಕೆ ಬರುವಷ್ಟರಲ್ಲಿ ಉಳಿದವರೆಲ್ಲ ಸಹಿ ಹಾಕಿ ಫೈಲು ಮುಚ್ಚಿ ನನ್ನನ್ನೇ ನೋಡುತ್ತಿದ್ದರು. ಒಬ್ಬರು ಗಡಿಯಾರ ನೋಡಿಕೊಂಡರು. ಇನ್ನೊಬ್ಬರು ನಗುತ್ತಾ, "ಕ್ಯಾಪ್ಟನ್, ಇದನ್ನೆಲ್ಲ ಮೂರು ದಿನದಿಂದ ಮಾತಾಡಿದ್ದೇವಲ್ಲ, ಏನಾದರೂ ಅರ್ಥವಾಗಲಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಅರ್ಥವಾಗಿರಲಿಲ್ಲ ನಯನ. ವಿಮಾನದ ಇಂಗ್ಲಿಷ್ ನನಗೆ ನೀರು ಕುಡಿದ ಹಾಗೆ. ಆ ಇಂಗ್ಲಿಷ್ ಬೇರೆ. ಒಂದು ವಾಕ್ಯ ಅರ್ಧ ಪುಟ ಹೋಗುತ್ತಿತ್ತು, ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂದು ಮರೆತುಹೋಗುತ್ತಿತ್ತು. ನನಗೆ ನಾಳೆಯವರೆಗೆ ಸಮಯ ಬೇಕು, ಊರಿಗೆ ಒಯ್ದು ಯಾರಿಗಾದರೂ ತೋರಿಸಬೇಕು ಎಂದು ಹೇಳಬೇಕಿತ್ತು. ಅಷ್ಟು ಜನ ನೋಡುತ್ತಿರುವಾಗ ನಾನು ಎಂಟನೇ ಕ್ಲಾಸಿನಲ್ಲಿ ಇಂಗ್ಲಿಷ್ ಪಾಠ ಓದು ಎಂದಾಗ ಬೆಂಚಿನ ಮೇಲೆ ಎದ್ದು ನಿಂತ ಮಧು ಆಗಿಬಿಟ್ಟೆ. "ಇಲ್ಲ ಇಲ್ಲ, ಎಲ್ಲ ಸರಿಯಾಗಿದೆ" ಎಂದೆ. ಸಹಿ ಹಾಕಿದೆ.

ಸೇರಿದ ದಿನಾಂಕದ ವಿಷಯ ಮೂವತ್ತೇಳನೆಯ ಪುಟದಲ್ಲಿತ್ತು. ಮೂರು ದಿನದಲ್ಲಿ ಒಬ್ಬರೂ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಪಟ್ಟಿ ಹೊರಗೆ ಬಂದ ದಿನ ನಿನ್ನ ಹಾಗೆಯೇ ನಾನೂ ಫೋನಿನಲ್ಲಿ ನೋಡಿದೆ. ಆಮೇಲೆ ಕರಾರು ತೆಗೆದು ಓದಿದೆ.

ನಾನು ನಿಮ್ಮನ್ನು ಮಾರಲಿಲ್ಲ. ಆರು ಜನರ ತಂಡದಲ್ಲಿ ನನ್ನ ಹೆಸರು ಬಂದದ್ದು ವಯಸ್ಸು, ಗಂಟೆಗಳ ಲೆಕ್ಕದ ಮೇಲೆ. ಆದರೆ ಜನ ಮಾರಿಕೊಂಡ ಎಂದಾಗ ನಾನು ಸುಮ್ಮನಿದ್ದೆ. ಕಳ್ಳ ಎನ್ನಿಸಿಕೊಳ್ಳಬಹುದು, ದಡ್ಡ ಎನ್ನಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಲಿಖಿತಾಗೂ ಹೇಳಿರಲಿಲ್ಲ. ನಿನ್ನೆ ಹೇಳಿದೆ.

ಮಧುಕುಮಾರ್


ನಂಜನಗೂಡು
26 ಮೇ 2025

ಮಧು ಸರ್,

ಮೂರು ಸಲ ಓದಿದೆ. ಮೊದಲನೇ ಸಲ ಓದಿದಾಗ ಕಾಗದವನ್ನು ಮುದುರಿ ಎಸೆದೆ. ಅಮ್ಮ ಎತ್ತಿ ತಂದು ಬಿಡಿಸಿ ಮೇಜಿನ ಮೇಲಿಟ್ಟರು.

2017ರಲ್ಲಿ ಹುಬ್ಬಳ್ಳಿಯಲ್ಲಿ ನಾನು ಪ್ರಯಾಣಿಕರ, ಲಗೇಜಿನ ತೂಕದ ಕಾಗದದ ಕೊನೆಯ ಸಾಲು ಓದದೆ ಸರಿ ಎಂದುಬಿಟ್ಟೆ. ನೀವು ಎಪ್ಪತ್ತು ಜನರನ್ನು ಕಾಯಿಸಿ, ಎಂಜಿನ್ ಶುರು ಮಾಡದೆ, ನನ್ನ ಕೈಲಿ ಪೂರ್ತಿ ಜೋರಾಗಿ ಓದಿಸಿದಿರಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನು, ಅದರಲ್ಲಿ ಅವಮಾನವಿಲ್ಲ ಎಂದಿರಿ. ಅವತ್ತು ಬಾತ್‌ರೂಮಿಗೆ ಹೋಗಿ ಅತ್ತಿದ್ದೆ. ಅಲ್ಲಿಂದ ಈಚೆಗೆ ನಾನು ಹಾರಿಸಿದ ಪ್ರತಿ ವಿಮಾನದಲ್ಲಿ ಆ ಮಾತು ನನ್ನ ಜೊತೆ ಇತ್ತು. ನಿಮ್ಮ ಜೊತೆ ಇರಲಿಲ್ಲವಾ?

ನಿಜ ಹೇಳಲಾ? ನೀವು ಮಾರಿಕೊಂಡಿದ್ದರೇ ನನಗೆ ಸುಲಭವಿತ್ತು. ಬೈದುಕೊಂಡು ಇದ್ದುಬಿಡುತ್ತಿದ್ದೆ. ಈಗ ಬೈಯಲು ಹೋದರೆ ಬೆಂಚಿನ ಮೇಲೆ ನಿಂತ ಹುಡುಗ ಅಡ್ಡ ಬರುತ್ತಾನೆ. ಅವನ ಮೇಲೂ ನನಗೆ ಸಿಟ್ಟು ಬರುತ್ತಿದೆ.

ವಕೀಲರಿಗೆ ಹೆಸರು ಹೇಳದೆ ಕೇಳಿದೆ. ಪ್ರತಿನಿಧಿಗೆ ಓದಲು ಸಮಯ ಕೊಡದೆ ಸಹಿ ಪಡೆದಿದ್ದಾರೆ, ಆ ಷರತ್ತು ಸಭೆಯಲ್ಲಿ ಚರ್ಚೆಗೇ ಬಂದಿಲ್ಲ ಎಂದು ಆ ಮನುಷ್ಯನೇ ಬಂದು ಹೇಳಿದರೆ ಕಂಪನಿಯ ಉತ್ತರ ಬಿದ್ದುಹೋಗುತ್ತದೆ ಎಂದರು. ಅವರೇ ಬಂದು ಹೇಳಬೇಕು. ಬರೆದುಕೊಡಬೇಕು. ಸಭೆ ಜುಲೈನಲ್ಲಿ.

ನನಗೆ ಹೇಳಿದ್ದನ್ನು ಅಲ್ಲಿ ಹೇಳಿ. ಅಷ್ಟೇ ಕೇಳುತ್ತಿರುವುದು.

ನಯನ


ಟಿ. ನರಸೀಪುರ
8 ಜೂನ್ 2025

ನಯನ,

ಆಗುವುದಿಲ್ಲ.

ಓದದೆ ಸಹಿ ಹಾಕಿದ ಕ್ಯಾಪ್ಟನ್ ಎಂದು ಒಂದು ಕಡೆ ದಾಖಲಾದರೆ ಮುಗಿಯಿತು. ಈ ಕಂಪನಿ ಬಿಡು, ಯಾವ ಕಂಪನಿಯೂ ನನ್ನನ್ನು ಕಾಕ್‌ಪಿಟ್ಟಿನ ಹತ್ತಿರ ಸೇರಿಸುವುದಿಲ್ಲ. ನನಗೆ ನಲವತ್ನಾಲ್ಕು. ಹದಿನೆಂಟು ವರ್ಷದಿಂದ ಇದೊಂದೇ ಕೆಲಸ ಮಾಡಿದ್ದೇನೆ. ಬೇರೆ ಏನೂ ಬರುವುದಿಲ್ಲ. ನಿನಗೆ ಮಾತ್ರ ಹೇಳಿದ್ದು, ನಿನ್ನಲ್ಲೇ ಇರಲಿ.

ಮಧುಕುಮಾರ್


ನಂಜನಗೂಡು
15 ಜೂನ್ 2025

ಮಧು ಸರ್,

ನಿಮ್ಮ ಕಾಗದವನ್ನು ಯಾರಿಗೂ ತೋರಿಸುವುದಿಲ್ಲ. ತೋರಿಸಿದರೆ ಕೆಲಸ ಸುಲಭವಾಗಿ ಆಗಬಹುದು ಎಂದು ನನಗೂ ಗೊತ್ತು. ಗುಂಪಿನಲ್ಲಿ ನನ್ನ ಮಾತನ್ನು ಫೋಟೋ ಹೊಡೆದು ಕಳಿಸಿದವರ ಸಾಲಿಗೆ ನಾನು ಸೇರುವುದಿಲ್ಲ.

ಸಭೆ ಜುಲೈ 14, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ವಿಳಾಸ ಹಿಂದೆ ಬರೆದಿದ್ದೇನೆ.

ನಯನ


ನಂಜನಗೂಡು
16 ಜುಲೈ 2025

ಮಧು ಸರ್,

ನೀವು ಬರುವುದಿಲ್ಲ ಎಂದೇ ಇದ್ದೆ. ಹನ್ನೊಂದೂವರೆಗೆ ಕಂಪನಿಯ ವಕೀಲರು ನಿಮ್ಮ ಸಹಿಯ ಜೆರಾಕ್ಸ್ ತೆಗೆದು ಅಧಿಕಾರಿಯ ಮುಂದಿಟ್ಟಾಗ ನಾವೆಲ್ಲ ತಲೆ ತಗ್ಗಿಸಿ ಕೂತಿದ್ದೆವು. ಬಾಗಿಲು ತೆಗೆದು ನೀವು ಒಳಗೆ ಬಂದಿರಿ. ಅಂಗಿಯೆಲ್ಲ ಬೆವರು. ನಮ್ಮ ಐವತ್ತೆರಡು ಜನರಲ್ಲಿ ಒಬ್ಬನಾದ ಸಿದ್ದು ನನ್ನ ಪಕ್ಕದಲ್ಲಿದ್ದ, "ಕಂಪ್ನಿ ಕಡೆ ಸಾಕ್ಷಿ ಏಳಕ್ ಬಂದವ್ರೆ ನೋಡು" ಎಂದ.

ನೀವು ನಿಂತುಕೊಂಡು, "ಸಾ, ಕನ್ನಡದಲ್ಲಿ ಏಳ್ಬೋದಾ?" ಎಂದಿರಿ. ಅಧಿಕಾರಿ ಕನ್ನಡಕ ತೆಗೆದು, "ಹೇಳಿ, ಧಾರಾಳವಾಗಿ ಹೇಳಿ" ಎಂದರು. ಒಂಬತ್ತು ವರ್ಷದಲ್ಲಿ ನೀವು ಮೈಕ್ ಹಿಡಿದು ಇಂಗ್ಲಿಷು, ಹಿಂದಿ, ಅಚ್ಚುಕಟ್ಟಾದ ಕನ್ನಡ ಎಲ್ಲ ಮಾತಾಡಿದ್ದನ್ನು ಕೇಳಿದ್ದೇನೆ. ಹೊರಗಿನವರ ಮುಂದೆ ಊರ ಮಾತು ಆಡಿದ್ದು ಅವತ್ತೇ ಕೇಳಿದ್ದು.

"ಇಮಾನದಲ್ಲಿ ಒಂದ್ ಸಾಲೂ ಬುಡ್ದೆ ಓದಿವ್ನಿ ಸಾ, ಅದ್ನೆಂಟ್ ವರ್ಸ. ಆ ರೂಮ್ನಲ್ಲಿ ಓದ್ನಿಲ್ಲ. ಟೈಮ್ ಕೊಡಿ ಅನ್ನಕ್ಕೆ ನಂಗೆ ನಾಚ್ಕೆ ಆಯ್ತು. ಮೂವತ್ತೇಳ್ನೆ ಪುಟ ನಂಗೆ ಯಾರೂ ತೋರಿಸ್ನಿಲ್ಲ, ನಾನೂ ನೋಡ್ನಿಲ್ಲ."

ಕಂಪನಿಯ ವಕೀಲರು ಪಕ್ಕದವರಿಂದ ಅರ್ಥ ಕೇಳಿಕೊಂಡು ಇಂಗ್ಲಿಷಿನಲ್ಲಿ ಕೇಳಿದರಲ್ಲ, ಓದದೆ ಸಹಿ ಮಾಡುವವರ ಕೈಗೆ ಪ್ರಯಾಣಿಕರ ಜೀವ ಹೇಗೆ ಕೊಡುವುದು ಅಂತ. ನನಗೆ ಎದ್ದು ಅವರ ಕಾಲರ್ ಹಿಡಿಯಬೇಕೆನ್ನಿಸಿತು. ನೀವು ಮಾತ್ರ ಅವರ ಕಡೆ ನೋಡದೆ ಅಧಿಕಾರಿಗೇ ಹೇಳಿದಿರಿ.

"ಅದ್ನ ಅವ್ರೇ ತೀರ್ಮಾನ ಮಾಡ್ಕಳ್ಲಿ ಸಾ. ಆದ್ರೆ ಈ ಐವತ್ತೆರಡ್ ಜನ ಒಪ್ಪಿರ್ನಿಲ್ಲ. ಒಪ್ಪವ್ರೆ ಅಂತ ಬರ್ದಿರಾದು ಸುಳ್ಳು."

ಆಮೇಲೆ ನೀವು ಕಾರಿಡಾರಿನಲ್ಲಿ ನೀರಿನ ಡ್ರಮ್ಮಿನ ಹತ್ತಿರ ಒಬ್ಬರೇ ನಿಂತಿದ್ದಿರಿ. ನಮ್ಮವರು ಯಾರೂ ಹತ್ತಿರ ಬರಲಿಲ್ಲ. ನಾನೂ ಬರಲಿಲ್ಲ. ಮೆಜೆಸ್ಟಿಕ್‌ಗೆ ಬಂದು ಬಸ್ಸು ಹತ್ತಿದೆ.

ಅಪ್ಪನಿಗೆ ಎಲ್ಲ ಹೇಳಿದೆ. "ಅವ್ರು ಊಟ ಮಾಡಿದ್ರಂತಾ?" ಎಂದರು.

ನಯನ


ಟಿ. ನರಸೀಪುರ
3 ಆಗಸ್ಟ್ 2025

ನಯನ,

ಊಟ ಮಾಡಿದೆ ಎಂದು ಅಪ್ಪನಿಗೆ ಹೇಳು. ಮಳವಳ್ಳಿಯಲ್ಲಿ.

ಹೋಗುವಾಗಲೂ ಮಳವಳ್ಳಿಯಲ್ಲಿ ಇಳಿದುಬಿಟ್ಟಿದ್ದೆ. ವಾಪಸ್ ಬರುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಿ ಕೂತೂ ಇದ್ದೆ. ಕಂಡಕ್ಟರ್ ಬಂದು ಎಲ್ಲಿಗೆ ಎಂದ. ಟಿಕೆಟ್ ಬೇಕಿದ್ದರೆ ನರಸೀಪುರ ಎಂದು ನಾನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲು ಆಗಲಿಲ್ಲ. ಇಳಿದೆ. ಅದಕ್ಕೇ ಅರ್ಧ ಗಂಟೆ ತಡವಾಯಿತು. ಇದರಲ್ಲಿ ದೊಡ್ಡತನವೇನೂ ಇಲ್ಲ, ನೀನು ಹಾಗೆ ತಿಳಿಯಬಾರದು ಎಂದು ಬರೆಯುತ್ತಿದ್ದೇನೆ.

ಮೊದಲ ತಂಡದಿಂದ ನನ್ನ ಹೆಸರು ತೆಗೆದಿದ್ದಾರೆ. ವಿಚಾರಣೆ ಮುಗಿಯುವವರೆಗೆ ಹಾರುವಂತಿಲ್ಲ. ನಾನೇ ರಾಜೀನಾಮೆ ಬರೆದುಕೊಟ್ಟೆ. ಕ್ಯಾಪ್ಟನ್‌ಗಳಿಗೆ ನೋಟಿಸ್ ಒಂದು ವರ್ಷ, ಅಲ್ಲಿಯವರೆಗೆ ಎಲ್ಲೂ ಸೇರುವಂತಿಲ್ಲ. ಸೇರಿಸಿಕೊಳ್ಳುವವರೂ ಸಾಲಾಗಿ ನಿಂತಿಲ್ಲ. ಲಿಖಿತಾಳ ಅಣ್ಣ ಶಿವಣ್ಣನ ಪಂಪ್‌ಸೆಟ್ ರಿಪೇರಿ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿದೆ. ಬೆಳಿಗ್ಗೆ ಹೋಗಿ ಅಲ್ಲಿ ಕೂರುತ್ತೇನೆ. ಮೋಟಾರು ಬಿಚ್ಚುವುದು ಕಲಿಯುತ್ತಿದ್ದೇನೆ. ಮೂಗೂರಿನ ಕಡೆಯವರು ಬಂದರೆ ಶಿವಣ್ಣ ಜೋರಾಗಿ, "ನಮ್ ಭಾವ, ಪೈಲಟ್ಟು" ಎಂದು ಪರಿಚಯ ಮಾಡುತ್ತಾನೆ. ಬೇಡವೆಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಮಧುಕುಮಾರ್


ನಂಜನಗೂಡು
21 ಸೆಪ್ಟೆಂಬರ್ 2025

ಮಧು ಸರ್,

ತೀರ್ಮಾನ ಬಂತು. ಗೆದ್ದೆವು ಎಂದು ವಕೀಲರು ಹೇಳಿದರು. ಏನು ಗೆದ್ದೆವೋ ನೀವೇ ನೋಡಿ.

ನಮ್ಮ ಹಳೆಯ ಸರ್ವೀಸಿನಲ್ಲಿ ಅರ್ಧದಷ್ಟು ಒಪ್ಪಿಕೊಂಡಿದ್ದಾರೆ. ನನ್ನ ಒಂಬತ್ತು ವರ್ಷ ನಾಲ್ಕೂವರೆ ಆಯಿತು. ಪಟ್ಟಿಯಲ್ಲಿ ಸಾವಿರದ ನೂರ ಆರಕ್ಕೆ ಬಂದೆ. ಆದರೆ ಜೆಟ್ ತರಬೇತಿಯ ಸೀಟು ಯಾರಿಗೆ ಯಾವಾಗ ಎಂಬುದು ಕಂಪನಿಯ ಇಷ್ಟ. ಶಾಲಿನಿಗೆ 2028 ಎಂದು ಬಂದಿದೆ. ಸಿದ್ದುಗೆ ತಾರೀಕೇ ಇಲ್ಲ.

ನಿನ್ನೆ ನನಗೆ ಬೇರೆ ಮೇಲ್ ಬಂತು. ಅಕ್ಟೋಬರ್ 13ರ ತಂಡದಲ್ಲಿ ಒಂದು ಜಾಗ ಖಾಲಿ ಇದೆ. ಹೊಸ ಪಟ್ಟಿಯ ಪ್ರಕಾರ ಆ ಜಾಗ ನೀಲಾಂಬರಿಯಲ್ಲಿ ಎಲ್ಲರಿಗಿಂತ ಮೇಲಿರುವವರಿಗೆ. ಮೊದಲ ತಂಡದ ಆರು ಜನರನ್ನು ಬಿಟ್ಟರೆ ನನಗಿಂತ ಮೇಲಿದ್ದ ಏಳು ಜನರಲ್ಲಿ ಐವರು ಕಾದು ಸಾಕಾಗಿ ರಾಜೀನಾಮೆ ಕೊಟ್ಟಿದ್ದಾರೆ, ಇಬ್ಬರು ಮೆಡಿಕಲ್‌ನಲ್ಲಿ ನಪಾಸಾಗಿದ್ದಾರೆ. ಹಾಗಾಗಿ ನಾನು. ಕ್ಯಾಪ್ಟನ್ ಆಗಿ ಅಲ್ಲ, ಎಲ್ಲರಿಗಿಂತ ಕಿರಿಯ ಕೋ-ಪೈಲಟ್ ಆಗಿ. ಖಾಲಿ ಇರುವ ಜಾಗ ಯಾರದು ಎಂದು ನಾನು ಬರೆಯಬೇಕಿಲ್ಲ.

ಗುಂಪಿಗೆ ವಿಷಯ ಗೊತ್ತಾಗಿ ಒಂದು ಗಂಟೆಯೂ ಆಗಿಲ್ಲ. ಮೊದಲೇ ಮಾತಾಗಿತ್ತು, ಇಬ್ಬರೂ ಒಂದೇ ಕಡೆಯವರು, ಗುರು-ಶಿಷ್ಯೆ ಸೇರಿ ನಾಟಕ ಆಡಿದರು ಎಂದು ಬರೆದಿದ್ದಾರೆ. ಐವತ್ತೆರಡು ಜನರ ಹೆಸರಿನಲ್ಲಿ ಹೋಗಿ ಒಂದು ಸೀಟು ತಂದುಕೊಂಡಳು ಎಂದು ಸಿದ್ದು ಬರೆದಿದ್ದಾನೆ. ಅಳಿಸಿಯೂ ಇಲ್ಲ. ಮಾರಿಕೊಂಡಳು ಎಂಬ ಪದವನ್ನು ಮೂರು ಜನ ಬಳಸಿದ್ದಾರೆ. ಆ ಪದ ನನಗೆ ಗೊತ್ತು. ನಿಮಗೆ ಬರೆದ ಕಾಗದದಲ್ಲಿ ನಾನು ಅದನ್ನು ಎರಡು ಸಲ ಬರೆದಿದ್ದೆ.

ನಾನು ಹೋಗುವುದಿಲ್ಲ. ನೀವು ಎದ್ದ ಜಾಗದಲ್ಲಿ ನನ್ನಿಂದ ಕೂರಲು ಆಗುವುದಿಲ್ಲ. ಇಪ್ಪತ್ತಾರು ವರ್ಷದ ಕ್ಯಾಪ್ಟನ್‌ನ ಬಲಗಡೆ ಕೂತು ಮತ್ತೆ ಅಆಇಈ ಕಲಿಯಲೂ ಆಗುವುದಿಲ್ಲ. ಅಪ್ಪ, "ನಿಂಗ್ ಇಷ್ಟ ಬಂದಂಗ್ ಮಾಡು ಮಗ" ಎಂದರು. ಅಮ್ಮ ಬೇಳೆ ಆರಿಸುವುದನ್ನು ಬಿಟ್ಟು ಎದ್ದುಹೋದರು. ಇವರಿಬ್ಬರಿಗೂ ನಾನು ಹೋಗಬೇಕು ಎಂದಿದೆಯೋ ಬೇಡವೆಂದಿದೆಯೋ ನನಗೆ ತಿಳಿಯುತ್ತಿಲ್ಲ.

ನೀವಾದರೂ ಏನಾದರೂ ಹೇಳಿ.

ನಯನ


ಹೈದರಾಬಾದ್
19 ಅಕ್ಟೋಬರ್ 2025

ಮಧು ಸರ್,

ನಿಮ್ಮಿಂದ ಉತ್ತರ ಬರಲಿಲ್ಲ. ಎರಡು ವಾರ ಕಾದೆ. ದಿನಾ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅಂಗಡಿಯ ಮುಂದೆ ನಿಂತಿರುತ್ತಿದ್ದೆ.

5ನೇ ತಾರೀಕು ಭಾನುವಾರ ಮೈಸೂರಿನ ಸಂತೇಪೇಟೆಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ ನರಸೀಪುರದ ಬಸ್ಸು ಹತ್ತಿದೆ. ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಿಗೇ ಶಿವಣ್ಣನವರ ಅಂಗಡಿ ಕಂಡಿತು. ನೀವು ನೆಲದ ಮೇಲೆ ಕೂತು ಮೋಟಾರಿನೊಳಗೆ ಕೈ ಹಾಕಿದ್ದಿರಿ. ಒಬ್ಬ ಯಜಮಾನರು ಸ್ಟೂಲಿನ ಮೇಲೆ ಕೂತು ಏನೋ ಹೇಳುತ್ತಿದ್ದರು. ನೀವು ತಲೆ ಎತ್ತಿ ನಕ್ಕಿರಿ. ಆ ನಗು ನಾನು ಕಂಡು ಒಂದು ವರ್ಷವಾಗಿತ್ತು.

ರಸ್ತೆ ದಾಟಲಿಲ್ಲ. ಹತ್ತು ನಿಮಿಷ ನಿಂತಿದ್ದೆ. ನಂಜನಗೂಡಿನ ಬಸ್ಸು ಬಂತು, ಹತ್ತಿಬಿಟ್ಟೆ.

12ನೇ ತಾರೀಕು ಇಲ್ಲಿಗೆ ಬಂದೆ. ಬರದೇ ಇದ್ದರೆ ಶಾಲಿನಿಗೆ ಆ ಸೀಟು ಸಿಗುತ್ತದೆಯೇ ಎಂದು ಕಂಪನಿಗೆ ಬರೆದು ಕೇಳಿದೆ. ಇಲ್ಲ, ಆ ಜಾಗ ರದ್ದಾಗುತ್ತದೆ ಎಂದರು. ಶಾಲಿನಿಯೇ ಫೋನ್ ಮಾಡಿ, "ಹೋಗೇ, ಒಬ್ರಾದ್ರೂ ಹಾರ್ಲಿ" ಎಂದಳು. ಸಿದ್ದು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ.

ತರಗತಿಯ ಕೋ-ಪೈಲಟ್‌ಗಳಲ್ಲಿ ನನಗೇ ವಯಸ್ಸು ಜಾಸ್ತಿ. ಪರವಾಗಿಲ್ಲ, ಕಲಿಯುತ್ತೇನೆ. ಆದರೆ ಸಿಟ್ಟು ಹೋಗಿಲ್ಲ ಸರ್. ಕಂಪನಿಯ ಮೇಲೆ, ವರ್ಷಗಳನ್ನು ಅರ್ಧ ಮಾಡಿದ ಆ ಲೆಕ್ಕದ ಮೇಲೆ, ಸ್ವಲ್ಪ ನಿಮ್ಮ ಮೇಲೂ. ಕ್ಷಮಿಸಿದ್ದೇನೆ ಎಂದು ಬರೆಯಲು ಪೆನ್ನು ಹಿಡಿದೆ, ಬರಲಿಲ್ಲ. ಬಂದ ದಿನ ಬರೆಯುತ್ತೇನೆ, ಸುಳ್ಳು ಬರೆಯುವುದಿಲ್ಲ.

ನಯನ


ಟಿ. ನರಸೀಪುರ
26 ಅಕ್ಟೋಬರ್ 2025

ಪ್ರೀತಿಯ ನಯನ,

ಕ್ಷಮೆ ಬೇಡ. ನೀನು ಅಲ್ಲಿ ಕೂತಿದ್ದೀಯ, ಸಾಕು.

ನಿನ್ನ ಸೆಪ್ಟೆಂಬರ್ ಕಾಗದಕ್ಕೆ ನಾನು ಬೇಕೆಂದೇ ಉತ್ತರಿಸಲಿಲ್ಲ. ಹೋಗು ಎಂದಿದ್ದರೆ ನನ್ನ ಪಾಪ ತೊಳೆದುಕೊಳ್ಳಲು ಹೇಳಿದ ಹಾಗಾಗುತ್ತಿತ್ತು. ಬೇಡ ಎಂದು ಹೇಳುವ ಮನಸ್ಸೂ ಒಂದು ಕಡೆ ಇತ್ತು. ನಾನು ನೆಲದ ಮೇಲೆ ಕೂತಿರುವಾಗ ನನ್ನ ಜಾಗದಲ್ಲಿ ಬೇರೆಯವರು ಹಾರುತ್ತಾರೆ ಎಂದರೆ, ಅದು ನೀನೇ ಆದರೂ, ಹೊಟ್ಟೆಯೊಳಗೆ ಒಂದು ಉರಿ ಇತ್ತು. ಲಿಖಿತಾಗೂ ಇದನ್ನು ಹೇಳಿಲ್ಲ.

ಇನ್ನೊಂದು ವಿಷಯ. 5ನೇ ತಾರೀಕು ನಾನು ನಿನ್ನನ್ನು ನೋಡಿದೆ. ಬಸ್ಸು ಇಳಿದಾಗಲೇ ನೋಡಿದೆ. ಹಸಿರು ಚೂಡಿದಾರ್, ಹೆಗಲಿಗೆ ಬಟ್ಟೆ ಚೀಲ. ಆ ಯಜಮಾನರು ತಮಾಷೆಯಾದದ್ದೇನೂ ಹೇಳಿರಲಿಲ್ಲ, ಬಾವಿಯಲ್ಲಿ ನೀರು ಇಳಿದದ್ದರ ಬಗ್ಗೆ ಹೇಳುತ್ತಿದ್ದರು. ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ನಿನಗೆ ಕಾಣಲಿ ಎಂದು ನಕ್ಕೆ. ಅವರು ಪಾಪ, ಬೆಪ್ಪಾಗಿ ನನ್ನ ಮುಖ ನೋಡಿದರು.

ನೀನು ನಿಂತಿದ್ದ ಹತ್ತು ನಿಮಿಷವೂ ಮೋಟಾರಿನ ಒಂದೇ ಬೋಲ್ಟನ್ನು ಬಿಗಿ ಮಾಡುತ್ತಿದ್ದೆ. ಕರೆಯಬಹುದಿತ್ತು. ಕರೆದಿದ್ದರೆ ನೀನು ರಸ್ತೆ ದಾಟಿ ಬಂದು, ಹೈದರಾಬಾದಿಗೆ ಹೋಗದೇ ಇರಲು ಒಂದು ಕಾರಣ ಕೊಡಿ ಎಂದು ಕೇಳುತ್ತಿದ್ದೆ. ನಾನು ಕೊಟ್ಟುಬಿಡುತ್ತಿದ್ದೆ.

ಅದಕ್ಕೇ ಕರೆಯಲಿಲ್ಲ.

ಮಧುಕುಮಾರ್